ಸಾಲಕ್ಕೆ ಮನೆ ಹೋಗುತ್ತಾ? ಕಲಂ 60ರ ಕಥೆ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕೈಕೊಟ್ಟರೆ ಶೇಂಗಾ ಹೋಗುತ್ತೆ, ಶೇಂಗಾ ಹೋದರೆ ಕೂಲಿ ಹೋಗುತ್ತೆ, ಕೂಲಿ ಹೋದರೆ ಸಾಲ ಬರುತ್ತೆ. ಆಮೇಲೆ ಸಾಲ ಕೊಟ್ಟವನು ಬಾಗಿಲಿಗೆ ಬಂದು "ಮನೆ ಜಪ್ತಿ ಮಾಡಿಸ್ತೀನಿ" ಅಂತಾನೆ. ಆ ಒಂದು ಮಾತಿಗೆ ಹೆದರಿ ನಮ್ಮ ಜನ ರಾತ್ರೋರಾತ್ರಿ ಗುಳೆ ಹೋಗ್ತಾರೆ. ಆ ಮಾತು ಎಷ್ಟು ನಿಜ?

ಬ್ರಿಟಿಷರು 1908ರಲ್ಲಿ ಮಾಡಿದ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಇವತ್ತಿಗೂ ನಡೀತಿದೆ. ಡಿಕ್ರಿ ಆದರೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಅದರ ಕಲಂ 60ರಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಬೇಸಾಯಗಾರನ ನೇಗಿಲು, ಜೀವನಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ. ಜೊತೆಗೆ ಬೇಸಾಯಗಾರ ವಾಸವಿರುವ ಮನೆ.

ಆದರೆ ಆ ಪಟ್ಟಿಯಲ್ಲಿ ಕೂಲಿಯವನ ಮನೆ ಇರಲಿಲ್ಲ. ಹೊಲದಲ್ಲಿ ದುಡಿದವರು ನಾವು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು. ಎತ್ತಿಗೆ ಸಿಕ್ಕ ರಕ್ಷಣೆ ಎತ್ತಿನ ಹಿಂದೆ ನಡೆಯುವವನ ಗುಡಿಸಲಿಗೆ ಸಿಗಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ವಾಸದ ಮನೆಯನ್ನು ಸಾಲಗಾರರಿಂದ ಕಾಪಾಡುವ ಹೆಸರಾಂತ ಕಾನೂನು ಬಂದದ್ದು 1839ರಲ್ಲಿ, ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸಿನಲ್ಲಿ. ಅದೇ ಟೆಕ್ಸಾಸಿನಲ್ಲಿ ಕಪ್ಪು ಜನರನ್ನು ಗುಲಾಮರಾಗಿ, ಯಜಮಾನನ ಆಸ್ತಿಯಾಗಿ ಲೆಕ್ಕ ಹಾಕುತ್ತಿದ್ದರು. ರಕ್ಷಣೆ ಯಾವಾಗಲೂ ಇದ್ದವನಿಗೇ ಮೊದಲು.

ನಮ್ಮ ಸರದಿ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ಬಾಯಿಗೆ ಬೀಗ ಹಾಕಿದ ಆ ದಿನಗಳಲ್ಲೇ ಎರಡು ಒಳ್ಳೆಯ ಕಾನೂನು ಬಂದವು ಅನ್ನೋದನ್ನೂ ಒಪ್ಪಬೇಕು.

ಒಂದು, 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ. ಜೀತದ ಸಾಲ ರದ್ದು (ಕಲಂ 6). ಆ ಸಾಲಕ್ಕೆ ಇಟ್ಟ ಅಡಮಾನವೂ ಬಿಡುಗಡೆ (ಕಲಂ 7). ಜೀತದ ಭಾಗವಾಗಿ ವಾಸವಿದ್ದ ಮನೆಯಿಂದ ಬಿಡುಗಡೆಯಾದವನನ್ನು ಎಬ್ಬಿಸುವಂತಿಲ್ಲ, ಎಬ್ಬಿಸಿದರೆ ಮ್ಯಾಜಿಸ್ಟ್ರೇಟರು ವಾಪಸ್ ಕೊಡಿಸಬೇಕು (ಕಲಂ 8).

ಎರಡು, ಅದೇ ವರ್ಷ ಕಲಂ 60ಕ್ಕೆ ತಿದ್ದುಪಡಿ. ಬೇಸಾಯಗಾರನ ಜೊತೆ ಕೂಲಿ ಕಾರ್ಮಿಕ, ಮನೆಗೆಲಸದವರ ವಾಸದ ಮನೆಯೂ ಸೇರಿತು. 1977ರ ಫೆಬ್ರವರಿ 1ರಿಂದ ಜಾರಿ. "ಈ ರಕ್ಷಣೆ ನನಗೆ ಬೇಡ" ಅಂತ ಮೊದಲೇ ಬರೆಸಿಕೊಂಡರೂ ಅದು ಅಸಿಂಧು.

ಹಾಗಾದರೆ ಮನೆಗಳು ಯಾಕೆ ಹೋಗ್ತಿವೆ? ಇಲ್ಲೇ ಇದೆ ಗುಟ್ಟು. ಕಲಂ 60 ತಡೆಯೋದು ಜಪ್ತಿಯನ್ನ. ಮನೆಯನ್ನೇ ಅಡಮಾನ ಇಟ್ಟಿದ್ದರೆ ಜಪ್ತಿಯೇ ಬೇಕಿಲ್ಲ, ಸೀದಾ ಹರಾಜು. 2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ ಬ್ಯಾಂಕಿನವರು ಸಿವಿಲ್ ಕೋರ್ಟಿಗೂ ಹೋಗಬೇಕಿಲ್ಲ. ಆ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿದೆ, ಅಡವಿಟ್ಟ ಮನೆಯನ್ನು ಹೊರಗಿಟ್ಟಿಲ್ಲ. ಹೊಲ ಇದ್ದವನ ಹೊಲ ಬಚಾವ್, ಹೊಲವೇ ಇಲ್ಲದವನ ಮನೆ ಹರಾಜು!

ಹಟ್ಟಿ, ಕೇರಿಗಳಲ್ಲಿ ಹಕ್ಕುಪತ್ರಕ್ಕಾಗಿ ಹೋರಾಡ್ತಿದ್ದೇವೆ, ಹೋರಾಡಲೇಬೇಕು. ಆದರೆ ಪತ್ರ ಕೈಗೆ ಬಂದ ದಿನವೇ ಅಡಮಾನಕ್ಕೂ ದಾರಿ ತೆರೆಯುತ್ತೆ. ಆ ಪತ್ರ ಸಾಲದ ಕೌಂಟರಿಗೆ ಹೋಗುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ.

ಮೈಕ್ರೋಫೈನಾನ್ಸ್ ಸಂಘದ ಸಾಲದ ಕಥೆಯೇ ಬೇರೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಅದು ಅಡಮಾನ ಇಲ್ಲದ ಸಾಲ. ಅಂದಮೇಲೆ ನಿಮ್ಮ ಮನೆ ಮೇಲೆ ಅವರಿಗೆ ಹಕ್ಕಿಲ್ಲ. ಬಾಗಿಲಿಗೆ ಬೀಗ ಹಾಕೋದು, ಗೋಡೆ ಮೇಲೆ ಬರೆಯೋದು ವಸೂಲಿ ಅಲ್ಲ, ದೌರ್ಜನ್ಯ. ಇಂಥ ಕಿರುಕುಳ ತಡೆಯೋಕೆ ಅಂತಲೇ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ.

ಕಚೇರಿಯಲ್ಲಿ ಕಾಗದ ನೋಡೋ ನನ್ನಂಥ ಗುಮಾಸ್ತನಿಗೆ ಒಂದು ಗೊತ್ತು: ನೀವು ಹೇಳದಿದ್ದರೆ ಫೈಲು ತಾನಾಗಿ ಮಾತಾಡಲ್ಲ. ನೀವು ಕೂಲಿಯವರು, ಇದು ವಾಸದ ಮನೆ ಅಂತ ಕೋರ್ಟಿಗೆ ನೀವೇ ತಕರಾರು ಸಲ್ಲಿಸಬೇಕು. ಜಾಬ್ ಕಾರ್ಡ್, ರೇಷನ್ ಕಾರ್ಡ್ ಜೋಪಾನ ಮಾಡಿ. ಮೊಳಕಾಲ್ಮೂರಿನ ನೇಕಾರ ಬಂಧುಗಳೇ, ಕೈಮಗ್ಗವನ್ನು ಕುಶಲಕರ್ಮಿಯ ಸಲಕರಣೆ ಅಂತ ನೀವೂ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

ಬಾಗಿಲಿಗೆ ಬಂದವನನ್ನು ಮೊದಲು ಎರಡು ಪ್ರಶ್ನೆ ಕೇಳಿ: ಡಿಕ್ರಿ ಎಲ್ಲಿ? ಅಡಮಾನ ಪತ್ರ ಎಲ್ಲಿ? ಊರು ಬಿಡಬೇಡಿ.

ನಿಮ್ಮ ಕೇರಿಯ ಗ್ರೂಪಿಗೆ ಶೇರ್ ಮಾಡಿ. ಓದೋಕೆ ಬಾರದವರಿಗೆ ಓದಿ ಹೇಳಿ. ಜೈ ಭೀಮ್.