ಪ್ರೌಢಶಾಲೆಯ ಎನ್.ಸಿ.ಸಿ. ಮತ್ತು ಅದರ ವಾರ್ಷಿಕ ಗುರಿ: ಒಂದು ಚಾರಿತ್ರಿಕ ಅವಲೋಕನ

ರಾಷ್ಟ್ರೀಯ ಕ್ಯಾಡೆಟ್ ದಳ ಅಥವಾ ಎನ್.ಸಿ.ಸಿ.ಯ ಇತಿಹಾಸವು ಸಾಮಾನ್ಯವಾಗಿ ಕಾಯ್ದೆ, ಸಮಿತಿ ಹಾಗೂ ಯುದ್ಧಗಳ ಮೂಲಕ ನಿರೂಪಿತವಾಗುತ್ತದೆ. ಪ್ರೌಢಶಾಲೆಯ ಒಂದು ಟ್ರೂಪ್ ಒಂದು ಶೈಕ್ಷಣಿಕ ವರ್ಷದಲ್ಲಿ ಏನನ್ನು ಸಾಧಿಸಬೇಕು, ಆ ಗುರಿಯನ್ನು ನಿಗದಿಪಡಿಸುವವರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹದಿಮೂರು ವರ್ಷದ ವಿದ್ಯಾರ್ಥಿಗೆ ಸಮವಸ್ತ್ರ ತೊಡಿಸಿ ಬಂದೂಕಿನ ಪರಿಚಯ ಮಾಡಿಸುವ ವ್ಯವಸ್ಥೆಯ ಮಟ್ಟಿಗೆ ಇದು ಅಲಕ್ಷಿಸಬಹುದಾದ ಪ್ರಶ್ನೆಯಲ್ಲ.

ಈ ವ್ಯವಸ್ಥೆಯ ಮೂಲವು ಶಾಲೆಯಲ್ಲಿರದೆ ವಿಶ್ವವಿದ್ಯಾಲಯದಲ್ಲಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಭಾರತ ರಕ್ಷಣಾ ಕಾಯ್ದೆಯಡಿ ಯೂನಿವರ್ಸಿಟಿ ಕೋರ್ ಸ್ಥಾಪನೆಯಾಯಿತು. 1920ರಲ್ಲಿ ಅದರ ಸ್ಥಾನಕ್ಕೆ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಬಂದಿತು. 1942ರಲ್ಲಿ ಅದೇ ಸಂಸ್ಥೆ ಅಧಿಕಾರಿಗಳ ತರಬೇತಿ ದಳವೆಂಬ ಹೊಸ ಹೆಸರನ್ನು ಪಡೆಯಿತು. ಸೈನ್ಯಕ್ಕೆ ಅಧಿಕಾರಿಗಳನ್ನು ಒದಗಿಸುವುದೇ ಇವುಗಳ ಆಶಯವಾಗಿತ್ತಾದರೂ ಎರಡನೆಯ ಮಹಾಯುದ್ಧದಲ್ಲಿ ಆ ನಿರೀಕ್ಷೆ ಈಡೇರಲಿಲ್ಲ. ಈ ಹಿನ್ನೆಲೆಯಲ್ಲಿ 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಗಿ, 1947ರಲ್ಲಿ ವರದಿಯನ್ನು ಸಲ್ಲಿಸಿತು. 1948ರ ಎನ್.ಸಿ.ಸಿ. ಕಾಯ್ದೆಯು ಹಿರಿಯ ವಿಭಾಗ, ಕಿರಿಯ ವಿಭಾಗ ಮತ್ತು ಬಾಲಿಕಾ ವಿಭಾಗಗಳನ್ನು ಕಲ್ಪಿಸಿತು. ಶಾಲೆಯು ವಿಧ್ಯುಕ್ತವಾಗಿ ಈ ಚರಿತ್ರೆಯನ್ನು ಪ್ರವೇಶಿಸಿದ್ದು ಇಲ್ಲಿಯೇ.

ಕಾಯ್ದೆಯ ಒಂದು ಅಂಶ ಇಲ್ಲಿ ವಿಶೇಷವಾಗಿ ಗಮನಾರ್ಹ. ಸೇರ್ಪಡೆಯು ವಿದ್ಯಾರ್ಥಿಯ ಸ್ವಇಚ್ಛೆಯಿಂದ ಆಗಬೇಕು. ಸೇರಿದ ಕಾರಣಕ್ಕೆ ಆತನ ಮೇಲೆ ಸಕ್ರಿಯ ಸೈನಿಕ ಸೇವೆಯ ಹೊಣೆ ಬೀಳುವುದಿಲ್ಲ. ಆದರೆ ಸಂಸ್ಥೆಯ ಆರಂಭದ ಧ್ಯೇಯಗಳಲ್ಲಿ ಚಾರಿತ್ರ್ಯ, ಸೌಹಾರ್ದ, ಸೇವಾದರ್ಶಗಳ ಜೊತೆಗೆ, ತುರ್ತು ಸಂದರ್ಭದಲ್ಲಿ ಸೈನ್ಯವನ್ನು ಶೀಘ್ರವಾಗಿ ವಿಸ್ತರಿಸಲು ಬೇಕಾಗುವ ಅಧಿಕಾರಿಗಳ ಮೀಸಲು ಪಡೆಯನ್ನು ಸಿದ್ಧಪಡಿಸುವುದೂ ಸೇರಿತ್ತು. ಕಾಲೇಜು ವಿದ್ಯಾರ್ಥಿಯ ಮಟ್ಟಿಗೆ ಈ ಎರಡು ಮಾತುಗಳಿಗೆ ಹೊಂದಿಕೆಯನ್ನು ಕಲ್ಪಿಸಬಹುದು. ಎಂಟನೆಯ ತರಗತಿಯ ಬಾಲಕನ ಮಟ್ಟಿಗೆ ಅದು ಕಷ್ಟ. ಕಿರಿಯ ವಿಭಾಗವು ಬಹುಕಾಲ ಹಿರಿಯರ ಗುರಿಯನ್ನೇ ಎರವಲು ಪಡೆದು ನಡೆಯಿತೆಂದರೆ ತಪ್ಪಾಗಲಾರದು.

ಇಂಥ ದೊಡ್ಡ ಧ್ಯೇಯವನ್ನು ವರ್ಷದ ಕೆಲಸವನ್ನಾಗಿ ಪರಿವರ್ತಿಸುವ ಹೊಣೆ ಬಿದ್ದದ್ದು ಶಾಲೆಯ ಒಬ್ಬ ಉಪಾಧ್ಯಾಯರ ಮೇಲೆ. ಗಣಿತವನ್ನೋ ಸಮಾಜ ವಿಜ್ಞಾನವನ್ನೋ ಬೋಧಿಸುತ್ತ, ಸಹ ಎನ್.ಸಿ.ಸಿ. ಅಧಿಕಾರಿಯಾಗಿ ಟ್ರೂಪನ್ನೂ ನಡೆಸುವ ಈ ಅಧ್ಯಾಪಕರು ಚರಿತ್ರೆಯ ಪುಟಗಳಲ್ಲಿ ಕಾಣಿಸಿಕೊಂಡದ್ದು ವಿರಳ. ಕಿರಿಯ ವಿಭಾಗದ ‘ಎ’ ಪ್ರಮಾಣಪತ್ರವು ಎರಡು ವರ್ಷಗಳ ತರಬೇತಿಯನ್ನು ಅಪೇಕ್ಷಿಸುತ್ತದೆ. ಪರೇಡುಗಳಲ್ಲಿ ಶೇಕಡಾ 75ರಷ್ಟು ಹಾಜರಾತಿ ಮತ್ತು ಒಂದು ಶಿಬಿರ ಅದಕ್ಕೆ ಅವಶ್ಯ. ಕರ್ನಾಟಕದ ಶಾಲೆಗಳಲ್ಲಿ ಹತ್ತನೆಯ ತರಗತಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೀಸಲಾಗುವುದರಿಂದ, ಎಂಟನೆಯ ತರಗತಿಯಲ್ಲಿ ಸೇರಿಸಿಕೊಂಡು ಒಂಬತ್ತರಲ್ಲಿ ಮುಗಿಸುವ ಕ್ರಮ ಸಾಮಾನ್ಯವಾಯಿತು. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದಲೇ ಮಳೆ ಹಿಡಿಯುವುದರಿಂದ ಮೈದಾನದ ಕವಾಯತು ಸರಾಗವಾಗಿ ಸಾಗದು. ನಕಾಶೆ ಓದುವಿಕೆ, ಪ್ರಥಮ ಚಿಕಿತ್ಸೆಗಳಂತಹ ಕೊಠಡಿಯೊಳಗಿನ ಪಾಠಗಳಿಗೆ ಆ ತಿಂಗಳುಗಳು ಒದಗುತ್ತವೆ. ಆದರೂ ಆಗಸ್ಟ್ 15ರ ಪಥಸಂಚಲನ ಕಾಯುವುದಿಲ್ಲ. ಮೊದಲ ವರ್ಷದ ಹುಡುಗನಿಗೆ ಹೆಜ್ಜೆ ಕೂಡಿಸುವುದನ್ನು ಕಲಿಸುವವನು ಬಹುಮಟ್ಟಿಗೆ ಎರಡನೆಯ ವರ್ಷದ ಹುಡುಗನೇ. ನಾಯಕತ್ವವೆಂಬ ಧ್ಯೇಯವು ಅಳತೆಗೆ ಸಿಗುವುದು ಇಲ್ಲಿ. ಆದರೆ ಹಾಜರಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.

ಸಂಖ್ಯೆಯೇ ಗುರಿಯಾದರೆ ಏನಾಗುತ್ತದೆ ಎಂಬುದನ್ನು ಹಿರಿಯ ವಿಭಾಗದ ಅನುಭವವು ತೋರಿಸಿತು. 1962ರ ಚೀನಾ ಯುದ್ಧದ ತರುವಾಯ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ತರಬೇತಿ ಕಡ್ಡಾಯವಾಯಿತು. ದಳವು ಅಗಾಧವಾಗಿ ಬೆಳೆಯಿತು. ಅಧಿಕಾರಿಗಳೂ ಸಲಕರಣೆಗಳೂ ಆ ವೇಗದಲ್ಲಿ ಬೆಳೆಯಲಿಲ್ಲ. 1968ರಲ್ಲಿ ಅದನ್ನು ಮತ್ತೆ ಐಚ್ಛಿಕಗೊಳಿಸಲಾಯಿತು; 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಐದು ವರ್ಷಗಳ ಈ ಪ್ರಯೋಗವನ್ನು ವೈಫಲ್ಯವೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಕ್ಯಾಡೆಟ್‌ಗಳು ಮದ್ದುಗುಂಡು ಕಾರ್ಖಾನೆಗಳಿಗೆ ನೆರವಾದರು, ನಾಗರಿಕ ರಕ್ಷಣೆಯಲ್ಲಿ ಕೈಜೋಡಿಸಿದರು. ಈ ಯುದ್ಧಗಳ ನಂತರವೇ ಪಠ್ಯಕ್ರಮ ಪರಿಷ್ಕೃತಗೊಂಡು, ಸೈನಿಕ ತರಬೇತಿಯ ಪ್ರಮಾಣ ತಗ್ಗಿ, ನಾಯಕತ್ವ ಮತ್ತು ಸಮಾಜಸೇವೆಗಳಿಗೆ ಹೆಚ್ಚಿನ ಒತ್ತು ದೊರೆತುದು ಅರ್ಥಪೂರ್ಣ. ಕಿರಿಯ ವಿಭಾಗದ ವಯಸ್ಸಿಗೆ ಒಪ್ಪುವ ಗುರಿ ಮೊದಲ ಬಾರಿಗೆ ಸ್ಪಷ್ಟವಾದದ್ದು ಈ ಪರಿಷ್ಕರಣೆಯಲ್ಲಿ.

ಸಂಖ್ಯೆಯ ಪ್ರಶ್ನೆ ಮಾತ್ರ ಹಿಂದೆ ಉಳಿಯಲಿಲ್ಲ. 2020ರ ಆಗಸ್ಟ್ 15ರಂದು, 173 ಗಡಿ ಹಾಗೂ ಕರಾವಳಿ ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕ್ಯಾಡೆಟ್‌ಗಳನ್ನು ಸೇರಿಸುವ ವಿಸ್ತರಣೆಯನ್ನು ಪ್ರಧಾನಮಂತ್ರಿಗಳು ಘೋಷಿಸಿದರು. ಅವರಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿರಬೇಕೆಂಬುದು ಅದರ ಅಂಗ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಗಳಲ್ಲಿ ಎನ್.ಸಿ.ಸಿ. ಘಟಕಗಳನ್ನು ತೆರೆಯಲು ಉತ್ತೇಜನ ನೀಡಬೇಕೆಂದಿತು. ಹೊಸ ಘಟಕವೊಂದು ತೆರೆದ ಶಾಲೆಯಲ್ಲಿ ಮೊದಲ ವರ್ಷ ಕಲಿಸಿಕೊಡಲು ಎರಡನೆಯ ವರ್ಷದ ಕ್ಯಾಡೆಟ್ ಇರುವುದಿಲ್ಲ. ಆ ವರ್ಷದ ಕವಾಯತು, ಹಾಜರಾತಿ, ಶಿಬಿರ ಎಲ್ಲವೂ ಒಬ್ಬ ಅಧ್ಯಾಪಕರ ಮೇಲೆಯೇ ನಿಲ್ಲುತ್ತವೆ.