ಹನ್ನೊಂದು ತಿಂಗಳ ಖೋಲಿ, ಹನ್ನೆರಡು ತಿಂಗಳ ಚಂದಾ

ಗೋರೆಗಾಂವಿನಲ್ಲಿ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳದ್ದು. ಕನ್ನಡ ಮಾಸಪತ್ರಿಕೆಯ ಚಂದಾ ಹನ್ನೆರಡು ತಿಂಗಳದ್ದು. ಮುಂಬಯಿ ಕನ್ನಡಿಗರು ಊರಿನ ಪತ್ರಿಕೆಗಳಿಗೆ ಚಂದಾದಾರರಾದ ಕಥೆಯನ್ನು ಈ ಒಂದು ತಿಂಗಳ ಅಂತರದಿಂದಲೇ ಶುರುಮಾಡಬಹುದು. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ತಾಪತ್ರಯ ಬೇಡವೆಂದು ಹುಟ್ಟಿದ ಲೆಕ್ಕ ಹನ್ನೊಂದು ತಿಂಗಳು. ಎಲ್ಲ ಕರಾರುಗಳನ್ನೂ ನೋಂದಾಯಿಸಬೇಕೆಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಹೇಳಿದ ಮೇಲೂ ರೂಢಿ ಹೋಗಲಿಲ್ಲ. ಹೀಗಾಗಿ ಪಶ್ಚಿಮದ ಖೋಲಿ ಬಿಟ್ಟು ರೈಲುಹಳಿ ದಾಟಿ ಪೂರ್ವಕ್ಕೆ ಹೋದವರ ವಿಳಾಸ ‘ಮುಂಬಯಿ–62’ ಇದ್ದದ್ದು ‘ಮುಂಬಯಿ–63’ ಆಗುತ್ತಿತ್ತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಅದೇ 400062, 400063. ಬೆಂಗಳೂರಿನಿಂದಲೋ ಮಣಿಪಾಲದಿಂದಲೋ ಹೊರಟ ಪತ್ರಿಕೆ ಮಾತ್ರ ಹಳೆಯ ಖೋಲಿಯ ಬಾಗಿಲಿಗೇ ಬಂದು ಬೀಳುತ್ತಿತ್ತು.

ಆಗ ಚಂದಾದಾರ ಏನು ಮಾಡಬೇಕು? ಚಂದಾ ಸಂಖ್ಯೆ ನಮೂದಿಸಿ ವಿಳಾಸ ಬದಲಿಸಲು ಒಂದು ಕಾರ್ಡು ಬರೆಯಬಹುದು. ಹೊಸ ಬಾಡಿಗೆದಾರರ ಸ್ನೇಹ ಸಂಪಾದಿಸಿ ತಿಂಗಳಿಗೊಮ್ಮೆ ಹೋಗಿ ತರಬಹುದು. ಅಥವಾ ‘ಇನ್ನು ಸಾಕು, ಉಳಿದ ಸಂಚಿಕೆಗಳ ಹಣ ವಾಪಸು ಕೊಡಿ’ ಎನ್ನಬಹುದು. ಮೂರನೆಯ ದಾರಿಗೆ ಕನ್ನಡದಲ್ಲಿ ಒಂದು ಹೆಸರೂ ಇಲ್ಲ. ‘ಚಂದಾ ನವೀಕರಣ’ ಇದೆ, ‘ಚಂದಾ ಮುಗಿದಿದೆ’ ಇದೆ. ‘ಚಂದಾ ರದ್ದತಿ’ ಎಂದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ.

ಕಾರಣ ಮಾತಿನಲ್ಲೇ ಇದೆ. ಪಾರಸಿಯಿಂದ ಬಂದ ‘ಚಂದಾ’ ಮೊದಲಿಗೆ ಹತ್ತು ಜನ ಸೇರಿ ಒಂದು ಕೆಲಸಕ್ಕೆ ಹಾಕುವ ವಂತಿಗೆ. ಗಣೇಶೋತ್ಸವಕ್ಕೆ ಎತ್ತುವುದೂ ಚಂದಾ, ಪತ್ರಿಕೆಗೆ ಕಟ್ಟುವುದೂ ಚಂದಾ. ಮೂರನೆಯ ದಿನದ ಆರತಿಯಾದ ಮೇಲೆ ಊರಿಗೆ ಹೊರಟವನು ಉಳಿದ ದಿನಗಳ ದುಡ್ಡು ಕೊಡಿ ಎಂದು ಮಂಡಳಿಯವರನ್ನು ಕೇಳಿದ್ದುಂಟೇ? ಪತ್ರಿಕೆಗೂ ಅದೇ ನಡಾವಳಿ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ನಿಂತದ್ದು ಈ ನಂಬಿಕೆಯ ಮೇಲೆ: ವರ್ಷದ ಚಂದಾ ಮೊದಲೇ ಕೊಡಿ, ಪುಸ್ತಕಗಳು ಬರುತ್ತವೆ. ಓದುಗ ಇಲ್ಲಿ ಕೊಳ್ಳುವವನಿಗಿಂತ ಹೆಚ್ಚಾಗಿ ಸಣ್ಣ ಪಾಲುದಾರ. ಲಾಭವಿಲ್ಲದ ಪಾಲುದಾರ ಎನ್ನಿ.

ಅವಧಿಗೆ ಮೊದಲೇ ಕೈಬಿಟ್ಟ ಪ್ರಕರಣಗಳನ್ನು ನೋಡಿದರೆ ಕನ್ನಡದಲ್ಲಿ ಹೆಚ್ಚಾಗಿ ಹಾಗೆ ಮಾಡಿದ್ದು ಓದುಗರಲ್ಲ, ಪತ್ರಿಕೆಗಳು. ಮೊದಲ ಪತ್ರಿಕೆಯೇ ಸಾಕ್ಷಿ. ಹರ್ಮನ್ ಮೊಗ್ಲಿಂಗರು 1843ರ ಜುಲೈ 1ರಂದು ತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪಾಕ್ಷಿಕ, ಪ್ರತಿಗೆ ಒಂದು ದುಡ್ಡು. ವರ್ಷ ತುಂಬುವ ಮೊದಲೇ, 1844ರಲ್ಲಿ, ಅದು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿನ ಓದುಗನಿಗೆ ತನ್ನ ಊರಿನ ಹೆಸರಿನ ಪತ್ರಿಕೆ ಇಲ್ಲವಾಯಿತು.

ಹಣ ವಸೂಲಿಯ ನಿಜವಾದ ಜಗ್ಗಾಟ ಶುರುವಾದದ್ದು ಅಂಚೆ ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿ ತಂದ ಮೇಲೆ. ವಸ್ತು ಕೈಗೆ ಬಂದಾಗ ಪೋಸ್ಟಮನ್‌ಗೆ ದುಡ್ಡು ಕೊಟ್ಟರಾಯಿತು; ಅದು ಸಂಪಾದಕರಿಗೆ ತಲುಪುತ್ತದೆ. ದೂರದೂರಿನ ಓದುಗನಿಗೆ ಇದು ವರ. ಸಂಪಾದಕರಿಗೆ ವರವೂ ಹೌದು, ಶಾಪವೂ ಹೌದು. ಓದುಗ ಬೇಡವೆಂದು ತಲೆಯಾಡಿಸಿದರೆ ಕಟ್ಟು ವಾಪಸು, ಹೋಗಿಬರುವ ಖರ್ಚು ಪತ್ರಿಕೆಯ ತಲೆಗೆ. ‘ದಯವಿಟ್ಟು ವಿ.ಪಿ. ಹಿಂತಿರುಗಿಸಬೇಡಿ, ಬೇಡವಾದರೆ ಮೊದಲೇ ತಿಳಿಸಿ’ ಎಂಬ ಧಾಟಿಯ ಬಿನ್ನಹ ಹಳೆಯ ಪತ್ರಿಕೆಗಳ ಒಳಪುಟಗಳಲ್ಲಿ ಮಾಮೂಲು. ಅದರಲ್ಲಿ ಬೇಡಿಕೆ ಇದೆ, ಸಿಟ್ಟಿದೆ, ಸ್ವಲ್ಪ ಅಳುವೂ ಇದೆ.

ಆದರೆ ಸಂಪಾದಕರೆಲ್ಲ ಬಡಪಾಯಿಗಳು, ಓದುಗರೆಲ್ಲ ಕೈಕೊಟ್ಟವರು ಎಂದುಕೊಳ್ಳುವುದು ಬೇಡ. ಕೇಳದವರಿಗೂ ನಮೂನೆ ಪ್ರತಿ ಕಳಿಸಿ, ಬೇಡವೆಂದು ಬರೆಯದಿದ್ದರೆ ಚಂದಾದಾರರೆಂದು ಎಣಿಸಿ ವಿ.ಪಿ. ಮಾಡುವ ಚಾಳಿಯೂ ಇತ್ತು. ಇದು ಕನ್ನಡಕ್ಕೆ ಮಾತ್ರ ಅಂಟಿದ ಗುಣವಲ್ಲ. ಮೌನವನ್ನು ಒಪ್ಪಿಗೆ ಎನ್ನಲು ಕರಾರಿನ ಕಾನೂನು ಬಿಡುವುದಿಲ್ಲ. 1898ರ ಅಂಚೆ ಕಚೇರಿ ಕಾಯ್ದೆಯ 35ನೆಯ ಕಲಮು, ನಿಜವಾದ ಬೇಡಿಕೆ ಬಂದದ್ದರಿಂದಲೇ ಕಳಿಸುತ್ತಿದ್ದೇನೆ ಎಂಬ ಘೋಷಣೆಯನ್ನು ವಿ.ಪಿ. ಕಳಿಸುವವರಿಂದ ಕೇಳಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಬೇಡವೆನ್ನದ ತಪ್ಪಿಗೆ ದುಡ್ಡು ಕಟ್ಟಿಸಿಕೊಳ್ಳುವ ಉಪಾಯ ಮೊಬೈಲಿನೊಂದಿಗೆ ಹುಟ್ಟಿದ್ದು ಎಂದು ತಿಳಿದವರು ಆ ಕಲಮನ್ನು ಓದಬೇಕು.

ಅದೇ ಕಾಯ್ದೆಯ 9ನೆಯ ಕಲಮು ಇನ್ನೂ ಸ್ವಾರಸ್ಯದ್ದು. ವೃತ್ತಪತ್ರಿಕೆ ಎಂದು ನೋಂದಾಯಿಸಿಕೊಂಡು ಅಗ್ಗದ ಅಂಚೆ ದರ ಪಡೆಯಲು ಎರಡು ಷರತ್ತು: ಸಂಚಿಕೆಗಳ ನಡುವೆ 31 ದಿನ ಮೀರಬಾರದು, ಮತ್ತು ಚಂದಾದಾರರ ನೈಜ ಪಟ್ಟಿ ಇರಬೇಕು. ಎಂದರೆ ಗೋರೆಗಾಂವಿನ ಒಬ್ಬ ಗುಮಾಸ್ತನ ಹೆಸರು ಪಟ್ಟಿಯಲ್ಲಿದ್ದರೆ ಅದು ಬರೀ ಆದಾಯವಲ್ಲ, ಉಳಿದವರೆಲ್ಲರಿಗೂ ಅಗ್ಗದಲ್ಲಿ ಪತ್ರಿಕೆ ಕಳಿಸಲು ಆಧಾರ. ಇನ್ನು ಮೊದಲ ಷರತ್ತು ಯಾರ ಕುತ್ತಿಗೆಗೆ ಬಂತು ನೋಡಿ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, 1981ರಲ್ಲಿ ಅನಂತಮೂರ್ತಿಯವರು ಶುರುಮಾಡಿದ ‘ರುಜುವಾತು’, 2005ರಿಂದ ಏಳು ವರ್ಷ ವಿವೇಕ ಶಾನಭಾಗರು ತಂದ ‘ದೇಶ ಕಾಲ’ ತ್ರೈಮಾಸಿಕಗಳು. ಮೂರು ತಿಂಗಳಿಗೊಮ್ಮೆ ಬರುವುದು 31 ದಿನದ ಲೆಕ್ಕಕ್ಕೆ ಒದಗುವುದಿಲ್ಲ. ಕನ್ನಡದ ಗಂಭೀರ ಚರ್ಚೆ ನಡೆದ ಪತ್ರಿಕೆಗಳಿಗೇ ಆ ರಿಯಾಯಿತಿ ದಕ್ಕದಂತೆ ಕಾನೂನು ಬರೆದಿತ್ತು. ಸಾಹಿತ್ಯಪತ್ರಿಕೆಗಳು ಯಾಕೆ ಬಾಳುವುದಿಲ್ಲ ಎಂದು ಓದುಗರ ನಿರಾಸಕ್ತಿಯನ್ನು ಬೈಯುವವರು ಅಂಚೆ ದರದ ಕೋಷ್ಟಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಪತ್ರಿಕೆ ನಿಂತಾಗ ಮುಂಗಡ ಚಂದಾ ಏನಾಗುತ್ತದೆ? ಕಾಗದದ ಮೇಲೆ ಉತ್ತರ ಸುಲಭ: ಬಾರದ ಸಂಚಿಕೆಗಳ ಹಣ ಓದುಗನಿಗೆ ಸೇರಬೇಕಾದ ಸಾಲ. ಆದರೆ ಹಾಗೆ ಕೇಳಿದವರು ಅಪರೂಪ, ‘ಆಜೀವ ಚಂದಾದಾರ’ರಂತೂ ತಮಗಿಂತ ಮೊದಲೇ ತೀರಿಕೊಂಡ ಪತ್ರಿಕೆಯ ಮೇಲೆ ದಾವೆ ಹೂಡುವ ಜನವಲ್ಲ. ಈ ಔದಾರ್ಯವನ್ನು ನಾವು ಕನ್ನಡಾಭಿಮಾನ ಎಂದು ಹೊಗಳುತ್ತ ಬಂದಿದ್ದೇವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಸಂಬಳದಲ್ಲಿ ಉಳಿಸಿ ಮನಿಯಾರ್ಡರ್ ಮಾಡಿದವನ ಹಣ ಅದು. ಸಂಘದ ವಾಚನಾಲಯದಲ್ಲಿ ಒಂದೇ ಪ್ರತಿಯನ್ನು ಹತ್ತು ಜನ ಓದುತ್ತಿದ್ದುದರ ಹಿಂದೆ ಪ್ರೀತಿಯ ಜೊತೆಗೆ ಈ ಲೆಕ್ಕಾಚಾರವೂ ಇತ್ತು.

ಕೇಳಬೇಕೆಂದವರಿಗೂ ದಾರಿ ದೂರವಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಬೇಕಾದದ್ದು ಎದುರುಪಕ್ಷ ಇರುವ ಅಥವಾ ತಕರಾರಿನ ಕಾರಣ ಹುಟ್ಟಿದ ಜಾಗದಲ್ಲಿ. ಬೆಂಗಳೂರಿನ ಪತ್ರಿಕೆಯ ಮೇಲೆ ಗೋರೆಗಾಂವಿನವರು ಎಲ್ಲಿ ದೂರಬೇಕು ಎಂಬುದೇ ಮೊದಲ ವಾದವಾಗುತ್ತಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ, ದೂರುದಾರ ವಾಸಿಸುವ ಜಾಗದಲ್ಲೇ ದೂರು ಕೊಡಬಹುದು ಎಂದಿತು. ಈಗ ಬಾಂದ್ರಾ ಪೂರ್ವದ ಉಪನಗರ ಜಿಲ್ಲಾ ಆಯೋಗಕ್ಕೆ ಲೋಕಲ್‌ನಲ್ಲಿ ಹೋದರಾಯಿತು. ಒಂದು ತಮಾಷೆ ಉಳಿದಿದೆ: ಸಂಚಿಕೆ ಬರಲಿಲ್ಲವೆಂಬ ದೂರು ಜಿಲ್ಲಾ ಆಯೋಗಕ್ಕೆ, ನಡುವೆ ಬಿಟ್ಟರೆ ಇಡೀ ಹಣ ಮುಳುಗುತ್ತದೆ ಎಂಬ ಷರತ್ತೇ ಅನ್ಯಾಯದ ಕರಾರು ಎನ್ನಬೇಕಾದರೆ, ಮೊತ್ತ ಆರುನೂರು ರೂಪಾಯಿಯಾದರೂ, ರಾಜ್ಯ ಆಯೋಗದ ಮೆಟ್ಟಿಲೇರಬೇಕು. ಕರಾರು ಮುರಿದದ್ದಕ್ಕೆ ತಕ್ಕ ಪರಿಹಾರವಷ್ಟೇ ಸಲ್ಲುತ್ತದೆ ಎಂದು 1872ರ ಕರಾರು ಕಾಯ್ದೆಯ 74ನೆಯ ಕಲಮು ಹೇಳಿ ಒಂದೂವರೆ ಶತಮಾನ ಕಳೆದಿದೆ.

ಮೂರು ವರ್ಷದ ಚಂದಾಕ್ಕೆ ಚೀಲವನ್ನೋ ಗಡಿಯಾರವನ್ನೋ ಉಡುಗೊರೆ ಕೊಡುವ ಇಂಗ್ಲಿಷ್ ನಿಯತಕಾಲಿಕಗಳು ಬಂದ ಮೇಲೆ ಚಂದಾ ವಂತಿಗೆಯಾಗಿ ಉಳಿಯಲಿಲ್ಲ. ಅಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ: ಕಾರ್ಡಿನಿಂದ ತಾನೇ ಕಡಿತವಾಗುವ ಹಣ, ಸೇರಲು ಒಂದು ಗುಂಡಿ, ಬಿಡಲು ಹತ್ತು ಪುಟ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇಂಥ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂದಿತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ವಂಚಕ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು. 1898ರ ಅಂಚೆ ಕಾಯ್ದೆ ಮಾತ್ರ 2024ರ ಜೂನ್‌ನಲ್ಲಿ ಇತಿಹಾಸ ಸೇರಿತು. 31 ದಿನದ ಆ ಕಲಮು, ವಿ.ಪಿ.ಯ ಆ ಘೋಷಣೆ ಎರಡೂ ಅದರೊಂದಿಗೇ ಹೋದವು.