ಹಿಡಿದದ್ದನ್ನು ಇಟ್ಟುಕೊಳ್ಳುವ ವಿದ್ಯೆ

ಬೆಂಗಳೂರಿನ ಅಂಚಿನ ಸಿಂಗಸಂದ್ರದ ಯಾವ ತಾರಸಿಯ ಮೇಲಾದರೂ ನಿಂತು ಹೊಸೂರಿನ ಕಡೆ ಮುಖ ಮಾಡಿ. ಉತ್ತರದಿಂದ ಅಳೆದರೆ ಅದು ಸುಮಾರು 128 ಡಿಗ್ರಿ, ಆಗ್ನೇಯ ಮೂಲೆ. ಅಲ್ಲೇ 66 ಡಿಗ್ರಿ ಮೇಲಕ್ಕೆ ಕತ್ತೆತ್ತಿದರೆ ಆ ನೇರದಲ್ಲಿ, ಹತ್ತಿರ ಹತ್ತಿರ 36,000 ಕಿ.ಮೀ. ದೂರದಲ್ಲಿ, ಜಿಸ್ಯಾಟ್-15 ಇದೆ. 2015ರ ನವೆಂಬರ್‌ನಲ್ಲಿ ಹಾರಿದ ಈ ಉಪಗ್ರಹದ ಯೋಗಕ್ಷೇಮ ನೋಡಿಕೊಳ್ಳುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ದೂರದರ್ಶನದ ಉಚಿತ ಸೇವೆ ಫ್ರೀ ಡಿಶ್ ಇಳಿಯುವುದು ಇದರಿಂದಲೇ. ನನ್ನ ಮನೆಯ ಮೇಲಿರುವ ಎರಡಡಿ ಡಿಶ್ ಅತ್ತಲೇ ನೋಡುತ್ತದೆ. ಅದರ ವೈರು ಮಾತ್ರ ಟಿವಿಗೆ ಹೋಗುವುದಿಲ್ಲ, ಮೆಟ್ಟಿಲ ಕೆಳಗಿನ ಒಂದು ಸಣ್ಣ ಕಂಪ್ಯೂಟರಿಗೆ ಹೋಗುತ್ತದೆ. ಅದೇ ನಮ್ಮ ಮನೆಯ ಸರ್ವರ್.

ಕೇಬಲ್ ಟಿವಿ ಬಂದ ಕಾಲದಿಂದ ನಾನು ಡಿಶ್ ಕೂರಿಸುವ ಈ ಕಸುಬಿನಲ್ಲಿದ್ದೇನೆ. ಆಕಾಶದ ಸಿಗ್ನಲ್ ಹಿಡಿಯುವುದರಲ್ಲಿ ಕರ್ನಾಟಕಕ್ಕೆ ಐವತ್ತು ವರ್ಷದ ಅನುಭವವಿದೆ. ಹಿಡಿದದ್ದನ್ನು ಇಟ್ಟುಕೊಳ್ಳುವ ರೂಢಿ ಮಾತ್ರ ನಮ್ಮ ಮನೆಗಳಿಗೆ, ಶಾಲೆಗಳಿಗೆ ಬರಲಿಲ್ಲ. ಈಗ ಬರಬಹುದು, ಬರಬೇಕು ಎಂಬುದಕ್ಕಾಗಿ ಈ ಕಸುಬಿನ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಮೊದಲ ವರ್ಷ 1975. ಆ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟ ತಯಾರಾದದ್ದು ಬೆಂಗಳೂರಿನ ಇನ್ನೊಂದು ಅಂಚಿನ ಪೀಣ್ಯದಲ್ಲಿ, ಕೈಗಾರಿಕಾ ಷೆಡ್ಡುಗಳೊಳಗೆ. ಅದೇ ವರ್ಷ ಆಗಸ್ಟ್ 1ಕ್ಕೆ ಸೈಟ್ ಎಂಬ ಪ್ರಯೋಗ ಶುರುವಾಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಲುಪಿಸಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಮನರಂಜನೆ.

ಆ ಹಳ್ಳಿಗಳ ಡಿಶ್ಶನ್ನು ಮಾಡಿದ್ದು ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ. ಅಗಲ ಮೂರು ಮೀಟರ್. ತೂತುತೂತಾದ ಬಲೆ ಸಿಗ್ನಲ್ ಹಿಡಿಯುವುದು ಹೇಗೆ? ಆ ಪ್ರಸಾರದ ಕಂಪನಾಂಕ 860 ಮೆಗಾಹರ್ಟ್ಸ್. ಅಂದರೆ ಒಂದು ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಬೆರಳು ತೂರುವಷ್ಟು ತೂತು ಅಷ್ಟು ಉದ್ದದ ತರಂಗದ ಲೆಕ್ಕಕ್ಕೇ ಬರುವುದಿಲ್ಲ. ಅದರ ಪಾಲಿಗೆ ಬಲೆಯೂ ಒಂದೇ, ತಗಡೂ ಒಂದೇ. ಗಾಳಿ ಮಾತ್ರ ಬಲೆಯೊಳಗೆ ನುಸುಳಿ ಹೋಗುತ್ತದೆ, ಡಿಶ್ ಅಲುಗುವುದಿಲ್ಲ. ಬೆಲೆ ಕಡಿಮೆ, ತೂಕ ಕಡಿಮೆ, ಊರಲ್ಲೇ ರಿಪೇರಿ ಮಾಡಬಹುದು. ಈ ಕಸುಬಿನಲ್ಲಿ ನಾನು ಕಂಡ ಎಷ್ಟೋ ಉಪಕರಣಗಳಿಗಿಂತ ಆ ಬಲೆಯ ಹಿಂದಿನ ಯೋಚನೆ ದೊಡ್ಡದು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಟಿವಿ ಪ್ರಸಾರ ಬಂತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಹಿಂದುಳಿದ ನಾಡು ಎಂದು ನಾವು ಕರೆಯುವ ಸೀಮೆ ಈ ವಿಷಯದಲ್ಲಿ ನಮಗಿಂತ ಆರು ವರ್ಷ ಮುಂದಿತ್ತು. ಒಂದು ಕೊರತೆ ಮಾತ್ರ ಅಲ್ಲೂ ಇತ್ತು. ಬೆಳಿಗ್ಗೆ ಬಂದ ಪಾಠ ಬೆಳಿಗ್ಗೆಯೇ ಮುಗಿಯುತ್ತಿತ್ತು. ಅಂದು ಹೊಲಕ್ಕೆ ಹೋದ ಮಗುವಿಗೆ ಅದನ್ನು ತೋರಿಸುವ ದಾರಿ ಆ ಊರಿನ ಕೈಯಲ್ಲಿ ಇರಲಿಲ್ಲ.

ನಮ್ಮ ಹೊಸೂರು ರಸ್ತೆಗೆ ಆಕಾಶ ಬೇರೆ ರೀತಿಯಲ್ಲಿ ಇಳಿಯಿತು. ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸುವ ದಾರಿ ತೋರಿಸಿತು. ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐ 1990ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಭೂಕೇಂದ್ರ ಇಟ್ಟು, ಸಣ್ಣ ಕಂಪನಿಗಳಿಗೂ ಆ ದಾರಿ ತೆರೆಯಿತು. ಆಗ ಸೆಕೆಂಡಿಗೆ 64 ಕಿಲೋಬಿಟ್ ಸಾಗಿಸುವ ಸಂಪರ್ಕವೆಂದರೆ ಕಂಪನಿಗೆ ಕಂಪನಿಯೇ ನಡೆಯುತ್ತಿತ್ತು. ಇವತ್ತು ಮಾಮೂಲಿ ಗುಣಮಟ್ಟದ ಒಂದು ಟಿವಿ ಚಾನೆಲ್‌ಗೇ ಅದರ ನಲವತ್ತು ಐವತ್ತು ಪಟ್ಟು ಬೇಕು. ಆ ಕಾಂಪೌಂಡುಗಳ ಒಳಗಿನ ದೊಡ್ಡ ಡಿಶ್‌ಗಳನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗುತ್ತಿದ್ದೆವು. ಅವು ನಮ್ಮ ಊರಿನ ಪಕ್ಕದಲ್ಲಿದ್ದರೂ ನಮ್ಮವಾಗಿರಲಿಲ್ಲ.

ನಮ್ಮ ಡಿಶ್ ಬಂದದ್ದು ಕೇಬಲ್ಲಿನವರಿಂದ. 1991ರ ಜನವರಿಯ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿದಾಗ ದೊಡ್ಡ ಹೋಟೆಲುಗಳಲ್ಲಿ ಡಿಶ್ ಎದ್ದವು. ಅದೇ ವರ್ಷ ಏಷ್ಯಾಸ್ಯಾಟ್-1ರಿಂದ ಸ್ಟಾರ್ ಟಿವಿ ಶುರುವಾದ ಮೇಲೆ ಬಡಾವಣೆಗಳಲ್ಲೂ ಎದ್ದವು. ಸಿಂಗಸಂದ್ರದಿಂದ ನೋಡಿದರೆ ಆ ಉಪಗ್ರಹ 113 ಡಿಗ್ರಿಯಲ್ಲಿ, 54 ಡಿಗ್ರಿ ಎತ್ತರದಲ್ಲಿತ್ತು. ನಮಗೆ ಆಗ ಲೆಕ್ಕ ಮಾಡಿಕೊಡುವ ಫೋನು ಇರಲಿಲ್ಲ. ದಿಕ್ಸೂಚಿ, ಕೋನ ಅಳೆಯುವ ಪಟ್ಟಿ, ಒಂದು ಪುಟ್ಟ ಟಿವಿ ಇಷ್ಟೇ. ಹತ್ತು ಹನ್ನೆರಡು ಅಡಿಯ ಡಿಶ್ಶನ್ನು ಬೋಲ್ಟು ಬೋಲ್ಟಾಗಿ ತಾರಸಿಯ ಮೇಲೆ ಜೋಡಿಸಿ, ಒಬ್ಬ ಮೇಲೆ ಕೂದಲೆಳೆಯಷ್ಟು ಸರಿಸುತ್ತಿದ್ದರೆ ಇನ್ನೊಬ್ಬ ಕೆಳಗಿನಿಂದ ಕೂಗುತ್ತಿದ್ದ: "ಬಂತು ಅಣ್ಣ! ಅಯ್ಯೋ, ಹೋಯ್ತು. ಒಂಚೂರು ಹಿಂದಕ್ಕೆ."

ಡಿಶ್ಶಿನ ನಡುವೆ ತೂಗುವ ಎಲ್‌ಎನ್‌ಬಿ ಸುಮಾರು 4 ಗಿಗಾಹರ್ಟ್ಸ್‌ನ ಸಿಗ್ನಲ್ಲನ್ನು 950ರಿಂದ 1450 ಮೆಗಾಹರ್ಟ್ಸ್‌ಗೆ ಇಳಿಸಿ ವೈರಿಗೆ ಕೊಡುತ್ತಿತ್ತು. ಇಳಿಸದಿದ್ದರೆ ಅದು ವೈರಿನಲ್ಲೇ ಸತ್ತುಹೋಗುತ್ತದೆ. ಕೆಳಗಿನ ಕೋಣೆಗೆ ಕಂಟ್ರೋಲ್ ರೂಮ್ ಎನ್ನುತ್ತಿದ್ದೆವು. ಒಂದು ಚಾನೆಲ್‌ಗೆ ಒಂದು ರಿಸೀವರ್, ಒಂದು ಮಾಡ್ಯುಲೇಟರ್. ಎಲ್ಲವನ್ನೂ ಕಂಬೈನರ್‌ನಲ್ಲಿ ಕೂಡಿಸಿ, ದಾರಿಯಲ್ಲಿ ಆಂಪ್ಲಿಫೈಯರ್ ಇಟ್ಟು, ಲೈಟು ಕಂಬದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ಮನೆಗೆ ವೈರು. ಮಾರ್ಚ್ ನಡುವಿನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ, ಸೂರ್ಯ ಉಪಗ್ರಹದ ನೇರ ಹಿಂದೆ ಬರುವ ಕೆಲವು ನಿಮಿಷ, ಚಿತ್ರವೆಲ್ಲ ಚುಕ್ಕೆಯಾಗುತ್ತಿತ್ತು. ಬಾಗಿಲಿಗೆ ಬಂದ ಜನರಿಗೆ ಸೂರ್ಯನ ವಿಷಯ ತಿಳಿಸಿ ಹೇಳುವುದೂ ನಮ್ಮ ಕೆಲಸದಲ್ಲಿ ಸೇರಿತ್ತು. 1994ರಲ್ಲಿ ಉದಯ ಟಿವಿ ಬಂದಾಗ ಹೊಸ ಮನೆಗಳು ಸಾಲುಗಟ್ಟಿ ಕನೆಕ್ಷನ್ ಕೇಳಿದವು. ಕನ್ನಡ ಆಕಾಶದಿಂದ ಇಳಿದು ಬರುವುದನ್ನು ನಮ್ಮ ಕೈಯಾರೆ ಮನೆಮನೆಗೆ ಮುಟ್ಟಿಸಿದೆವು ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಇನ್ನೊಂದು ಚಾನೆಲ್ ಇತ್ತು, ನಮ್ಮದೇ ವಿಡಿಯೋ ಚಾನೆಲ್. ರಾತ್ರಿ ಸಿನಿಮಾ ಹಾಕುವುದರ ಜೊತೆಗೆ ಊರಹಬ್ಬ, ಶಾಲಾ ವಾರ್ಷಿಕೋತ್ಸವ, ನಾಟಕ, ಅಣ್ಣಮ್ಮನ ಮೆರವಣಿಗೆ ಎಲ್ಲವನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದು ಅದರಲ್ಲಿ ತೋರಿಸುತ್ತಿದ್ದೆವು. ಈ ಕಡೆ ಹೊಲ ಸೈಟಾಗುವ ಮೊದಲಿನ ಊರು ಆ ಕ್ಯಾಸೆಟ್ಟುಗಳಲ್ಲಿತ್ತು. ಹೊಸ ಕ್ಯಾಸೆಟ್ಟಿಗೆ ಹಣ ಬೇಕು, ಆದ್ದರಿಂದ ಹಳೆಯದರ ಮೇಲೆಯೇ ಮುಂದಿನ ಕಾರ್ಯಕ್ರಮ ಹಿಡಿಯುವುದು ಕಸುಬಿನಲ್ಲಿ ರೂಢಿ. ಅಳಿಸದೆ ಉಳಿದವಕ್ಕೆ ಬೂಷ್ಟು ಬಂತು. ನಮ್ಮ ಪಕ್ಕದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಬೆಂಗಳೂರು ಎಂಬ ಹೆಸರು ಅಷ್ಟು ಹಳೆಯದೆಂದು ನಾಡಿಗೆ ತಿಳಿದದ್ದು ಆ ಕಲ್ಲಿನಿಂದ. ಅದೇ ಸೀಮೆಯಲ್ಲಿ ಮೂವತ್ತು ವರ್ಷದ ಹಿಂದಿನ ಒಂದು ಊರಹಬ್ಬದ ಚಿತ್ರ ಹುಡುಕಿದರೆ ಸಿಗುವುದಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಮುಂದೆ ಉಪಗ್ರಹದಿಂದ ನೇರವಾಗಿ ಮನೆಗೇ ಇಳಿಯುವ ಡಿಟಿಎಚ್ ಬಂತು. 2013ರಲ್ಲಿ ಬೆಂಗಳೂರಿನ ಕೇಬಲ್ ಕೂಡ ಕಡ್ಡಾಯವಾಗಿ ಡಿಜಿಟಲ್ ಆಯಿತು. ಚಿತ್ರ ಸ್ವಚ್ಛವಾಯಿತು, ಚಾನೆಲ್ ನೂರಾರಾದವು. ಗಲ್ಲಿಯ ಕಂಟ್ರೋಲ್ ರೂಮುಗಳು ಒಂದೊಂದಾಗಿ ಮುಚ್ಚಿದವು. ಸಿಗ್ನಲ್ ಈಗ ದೂರದ ಒಂದೇ ಕಡೆಯಿಂದ ಬೀಗ ಹಾಕಿಕೊಂಡು ಬರುತ್ತದೆ. ಬೀಗ ತೆಗೆಯುವುದು ಮನೆಯ ಸೆಟ್‌ಟಾಪ್ ಬಾಕ್ಸು, ಅದೂ ಹಣ ಕಟ್ಟಿರುವವರೆಗೆ. ಡಿಶ್ ಕೂರಿಸುತ್ತಿದ್ದ ಹುಡುಗರು ಬೇರೆ ಕೆಲಸ ನೋಡಿಕೊಂಡರು.

ನನ್ನ ಸರ್ವರ್ ಹುಟ್ಟಿದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಕೊಟ್ಟಿತು. ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು ಬಹಳ. ಪಾಠದ ಹೊತ್ತಿಗೆ ಕರೆಂಟ್ ಹೋದರೆ ಪಾಠ ಹೋಯಿತು. ಯೂಟ್ಯೂಬಿನಲ್ಲಿ ನೋಡೋಣವೆಂದರೆ ಮನೆಯ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತಿತ್ತು. ಪಕ್ಕದ ಮನೆಯ ಹುಡುಗಿ ಬಂದು, "ಮಾಮ, ನಿನ್ನೆ ಗಣಿತ ತಪ್ಪಿಹೋಯ್ತು, ಮತ್ತೆ ಹಾಕಕ್ಕಾಗಲ್ವಾ?" ಎಂದಳು. ಜೀವಮಾನವಿಡೀ ಸಿಗ್ನಲ್ ಹಿಡಿದವನಿಗೆ ಅದಕ್ಕಿಂತ ಸರಿಯಾದ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅದಕ್ಕೆ ಉತ್ತರವೇ ಈ ಸರ್ವರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಆಫೀಸು ಕಂಪ್ಯೂಟರ್ ಸಿಗುತ್ತದೆ. ಅದಕ್ಕೊಂದು ಡಿವಿಬಿ-ಎಸ್2 ಟ್ಯೂನರ್, ಎರಡು ಹಾರ್ಡ್‌ಡಿಸ್ಕ್, ಒಂದು ಸಣ್ಣ ಯುಪಿಎಸ್. ಒಳಗೆ ಲಿನಕ್ಸ್, ಅದರ ಮೇಲೆ ಟಿವಿಹೆಡ್‌ಎಂಡ್ ಎಂಬ ಮುಕ್ತ ತಂತ್ರಾಂಶ. ಫ್ರೀ ಡಿಶ್ಶಿನ ಕಂಪನಾಂಕ 11 ಗಿಗಾಹರ್ಟ್ಸ್ ದಾಟಿದ್ದು, ತರಂಗದ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಉಪಗ್ರಹದ ಶಕ್ತಿಯೂ ಹೆಚ್ಚಾಗಿರುವುದರಿಂದ ಎರಡಡಿ ಡಿಶ್ ಸಾಕು. ಜೋರು ಮಳೆಗೆ ಮಾತ್ರ ಸಿಗ್ನಲ್ ಬೀಳುತ್ತದೆ. ಟ್ಯೂನರ್ ಅದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಮೇಲಕ್ಕೆ ಕಳಿಸಿ, ಲಂಬ ತರಂಗ ಬೇಕೋ ಅಡ್ಡ ತರಂಗ ಬೇಕೋ ಎಂದು ಎಲ್‌ಎನ್‌ಬಿಗೆ ತಿಳಿಸುತ್ತದೆ. ಕಂಪನಾಂಕದ ಜೊತೆ ಸಿಂಬಲ್ ರೇಟ್ 29,500 ಎಂದು ತುಂಬಿದರೆ ಚಾನೆಲ್‌ಗಳ ಪಟ್ಟಿ ಬರುತ್ತದೆ. ಯಾವ ಹೊತ್ತಿಗೆ ಯಾವುದನ್ನು ಹಿಡಿಯಬೇಕೆಂದು ಹೇಳಿಬಿಟ್ಟರೆ ಮುಗಿಯಿತು. ಬಂದ ಬಿಟ್‌ಗಳನ್ನು ಬಂದ ಹಾಗೆಯೇ ಬರೆದಿಡುತ್ತದೆ. ಕ್ಯಾಸೆಟ್ಟಿನ ಹಾಗೆ ನಕಲಿನಿಂದ ನಕಲಿಗೆ ಮಂಕಾಗುವುದಿಲ್ಲ. ಮನೆಯ ವೈಫೈನಲ್ಲಿ ಯಾವ ಟಿವಿ, ಯಾವ ಫೋನಿನಲ್ಲಾದರೂ ನೋಡಬಹುದು, ಇಂಟರ್‌ನೆಟ್ ಬೇಕಿಲ್ಲ.

ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೂ ಅರ್ಧ ಗಂಟೆಗೆ ಮುಕ್ಕಾಲು ಜಿಬಿಯ ಒಳಗೇ ಆಗುತ್ತದೆ. ಒಂದು ಟಿಬಿ ಡಿಸ್ಕಿನಲ್ಲಿ ಸುಮಾರು 1,400 ಕಾರ್ಯಕ್ರಮ ಕೂರುತ್ತವೆ. 2002ರಿಂದ ನಡೆಯುತ್ತಿರುವ ನಾ. ಸೋಮೇಶ್ವರರ 'ಥಟ್ ಅಂತ ಹೇಳಿ'ಯಂಥದ್ದನ್ನು ವರ್ಷಗಟ್ಟಲೆ ಒಂದು ಮನೆ ಇಟ್ಟುಕೊಳ್ಳಬಹುದು. ಎರಡನೆಯ ಡಿಸ್ಕು ಮೊದಲನೆಯದರ ಪ್ರತಿ. ಒಂದೇ ಕಡೆ ಇಟ್ಟದ್ದನ್ನು ಇಟ್ಟಂತೆ ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾನೂನಿನ ಚಿಂತೆಯೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಪ್ರಕರಣದಂತೆ, ಪ್ರಸಾರವನ್ನು ಸ್ವಂತ ಬಳಕೆಗೆ, ಇಲ್ಲವೆ ನಿಜವಾದ ಬೋಧನೆ, ಸಂಶೋಧನೆಗೆ ದಾಖಲಿಸಿಕೊಂಡರೆ ಪ್ರಸಾರಕರ ಹಕ್ಕಿಗೆ ಭಂಗವಿಲ್ಲ. ಮಾರುವುದು, ಮರುಪ್ರಸಾರ ಮಾಡುವುದು ಬೇರೆ ಮಾತು. ಅದನ್ನು ಮಾಡಬಾರದು.

ಈಗ ನಮ್ಮ ಊರಿನಲ್ಲಿ ಮೆಟ್ರೊ ನಿಲ್ದಾಣವಿದೆ, ಆಕಾಶದ ಅಗತ್ಯವೇ ಇಲ್ಲದಷ್ಟು ಫೈಬರ್ ಇದೆ. ಆದರೆ ಫೈಬರಿನಲ್ಲಿ ಬಂದದ್ದು ನಾಳೆಯೂ ಸಿಗಬೇಕಾದರೆ ಇನ್ನೊಬ್ಬರು ಅದನ್ನು ಉಳಿಸಿರಬೇಕು. ಡಿಶ್ಶಿನಿಂದ ಇಳಿಸಿ ನಮ್ಮ ಡಿಸ್ಕಿನಲ್ಲಿ ಬರೆದದ್ದು ನಮ್ಮ ಜವಾಬ್ದಾರಿ, ನಮ್ಮ ಆಸ್ತಿ. ಪ್ರತಿ ಸರ್ಕಾರಿ ಶಾಲೆಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಂಥದ್ದೊಂದು ಪೆಟ್ಟಿಗೆ ಇರಲಿ. ಚಂದನದ ಪಾಠ, ಸಂಗೀತ, ನಾಟಕದ ಜೊತೆಗೆ ಆಯಾ ಊರಿನ ಹಬ್ಬದ ಚಿತ್ರಗಳೂ ಅದರೊಳಗೆ ಸೇರಲಿ. ಕೂರಿಸಿಕೊಡುವವರನ್ನು ದೂರದಿಂದ ಕರೆಸಬೇಕಿಲ್ಲ. ಹಳೆಯ ಕೇಬಲ್ ಹುಡುಗರು ಪ್ರತಿ ವಾರ್ಡಿನಲ್ಲೂ ಇದ್ದಾರೆ, ಈಗ ತಲೆ ನರೆತಿದೆ ಅಷ್ಟೆ. ನಿಮ್ಮ ಬೀದಿಯಲ್ಲಿ ಒಬ್ಬರನ್ನು ಹುಡುಕಿ, ಮಕ್ಕಳನ್ನು ಜೊತೆಗೆ ತಾರಸಿ ಹತ್ತಿಸಿ. ನಾವು ಇರುವಾಗಲೇ ಕಲಿತುಕೊಳ್ಳಲಿ.